ಮೆಲ್ಬರ್ನಿನಲ್ಲಿ ವೀಗನ್ ಊಟ ಬೇಕಾ? ಉಪವಾಸದ ಅಡುಗೆ ಎಲ್ಲಿದೆ ಅಂತ ಕೇಳಿ

ಮೆಲ್ಬರ್ನಿಗೆ ಹೊಸದಾಗಿ ಬಂದವರು ಫೋನಿನಲ್ಲಿ ‘ವೀಗನ್’ ಅಂತ ಹುಡುಕಿದರೆ ಫಿಟ್ಜ್‌ರಾಯ್, ಕಾಲಿಂಗ್‌ವುಡ್ ಕಡೆಯ ಚಂದದ ಕೆಫೆಗಳು ಸಾಲಾಗಿ ಬರುತ್ತವೆ. ಒಳ್ಳೆಯ ಜಾಗಗಳೇ. ಆದರೆ ದಿನಾ ಅಲ್ಲಿ ತಿನ್ನೋಕೆ ಜೇಬು ಒಪ್ಪಲ್ಲ. ಅನ್ನ, ಸಾರು, ಪಲ್ಯ ತಿಂದು ಬೆಳೆದ ನಾಲಿಗೆಗೆ ಬೀಟ್‌ರೂಟ್ ಬರ್ಗರ್ ಎಷ್ಟು ದಿನ ರುಚಿಸುತ್ತೆ ಹೇಳಿ.

ಅದೇ ಊರಿನ ಹೊರಗಿನ ಬಡಾವಣೆಗಳಿಗೆ ಹೋಗಿ ನೋಡಿ. ಬೋರ್ಡಿನಲ್ಲಿ ವೀಗನ್ ಅನ್ನೋ ಪದವೇ ಇರುವುದಿಲ್ಲ. ಆದರೆ ಅಡುಗೆಮನೆಯಲ್ಲಿ ಹಾಲು, ಮೊಟ್ಟೆ, ಮಾಂಸ ಯಾವುದೂ ಸೋಕದ ಪದಾರ್ಥಗಳು ಇರುತ್ತವೆ. ಇದು ಹೊಸ ಶೋಕಿಯಲ್ಲ, ಹಳೆಯ ವ್ರತ. ಇಥಿಯೋಪಿಯಾದ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ-ಹಾಲು ಬಿಡುತ್ತಾರೆ. ವಿಯೆಟ್ನಾಮಿನ ಬೌದ್ಧರು ಅಮಾವಾಸ್ಯೆ, ಹುಣ್ಣಿಮೆಗೆ ಬಿಡುತ್ತಾರೆ. ಗ್ರೀಕರು ಈಸ್ಟರ್ ಮುಂಚೆ ಬಿಡುತ್ತಾರೆ. ಏಕಾದಶಿ, ಶ್ರಾವಣ ಸೋಮವಾರ ನೋಡಿದ ನಮಗೆ ಇದೇನು ಹೊಸ ವಿಷಯ ಅಲ್ಲ, ಅಲ್ವಾ? ಹಾಗಾಗಿ ನನ್ನ ಸಲಹೆ ಇಷ್ಟೇ: ವೀಗನ್ ಹೋಟೆಲ್ ಹುಡುಕೋದು ಬಿಟ್ಟು, ಆಯಾ ಜನರ ಉಪವಾಸದ ಅಡುಗೆ ಹುಡುಕಿ.

ಹೋಟೆಲುಗಳ ಹೆಸರು ಇಲ್ಲಿ ಜಾಸ್ತಿ ಹೇಳುವುದಿಲ್ಲ. ಈ ಬೀದಿಗಳಲ್ಲಿ ಅಂಗಡಿಗಳು ಕೈ ಬದಲಾಗುತ್ತಲೇ ಇರುತ್ತವೆ. ಬೀದಿ, ಪದಾರ್ಥ ಮತ್ತು ಕೇಳುವ ರೀತಿ ಗೊತ್ತಿದ್ದರೆ ಸಾಕು.

ಹೊರಡುವ ಮುಂಚೆ ನಿಮ್ಮ ಗೆರೆ ಎಲ್ಲಿದೆ ಅಂತ ತೀರ್ಮಾನ ಮಾಡಿ

‘ನಾನು ವೀಗನ್’ ಅಂದರೆ ಎದುರಿಗಿರುವವರಿಗೆ ಏನು ಅರ್ಥವಾಗುತ್ತದೆ ಅನ್ನುವುದು ಅಂಗಡಿಯಿಂದ ಅಂಗಡಿಗೆ ಬೇರೆ. ಒಬ್ಬರಿಗೆ ಮಾಂಸ ಇಲ್ಲ ಅಂತ ಮಾತ್ರ. ಇನ್ನೊಬ್ಬರಿಗೆ ಮೀನಿನ ಸಾಸ್ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಪದ ಬಿಟ್ಟು ಪಟ್ಟಿ ಹೇಳಿ: ಮಾಂಸ, ಮೀನು, ಮೊಟ್ಟೆ, ಹಾಲು, ಬೆಣ್ಣೆ, ತುಪ್ಪ, ಮೊಸರು ಬೇಡ. ಜೇನುತುಪ್ಪದ ವಿಷಯ ನೀವೇ ನಿರ್ಧರಿಸಿ. ಮಾಂಸ ಕರಿದ ಎಣ್ಣೆಯಲ್ಲೇ ಫಲಾಫೆಲ್ (ಕಡಲೆ ರುಬ್ಬಿ ಮಾಡುವ ಅರಬ್ ವಡೆ) ಕರಿದರೆ ಪರವಾಗಿಲ್ಲವಾ, ಅದೇ ತವಾ ಮೇಲೆ ರೊಟ್ಟಿ ಬೇಯಿಸಿದರೆ ನಡೆಯುತ್ತಾ, ಇದನ್ನೂ ಮನೆಯಲ್ಲೇ ಯೋಚನೆ ಮಾಡಿಕೊಳ್ಳಿ. ಕೌಂಟರ್ ಮುಂದೆ, ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿರುವಾಗ ಯೋಚಿಸೋಕೆ ಆಗಲ್ಲ.

ಆಸ್ಟ್ರೇಲಿಯಾದಲ್ಲಿ ಒಂದು ಅನುಕೂಲ ಇದೆ. ಹಾಲು, ಮೊಟ್ಟೆ, ಮೀನು, ಸಿಗಡಿಯಂಥವು ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿವೆ. ಇದರಲ್ಲಿ ಹಾಲು ಇದೆಯಾ ಅಂತ ಕೇಳಿದರೆ ಹೋಟೆಲಿನವರು ಉತ್ತರ ಕೊಡಲೇಬೇಕು. ಪ್ಯಾಕೆಟ್ ಪದಾರ್ಥಗಳ ಮೇಲೆ ಇವುಗಳ ಹೆಸರನ್ನು ಸರಳ ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ ಹಾಕಬೇಕು ಅನ್ನೋ ನಿಯಮ 2021ರಲ್ಲಿ ಬಂತು. ಬದಲಾಯಿಸಿಕೊಳ್ಳಲು ಕಂಪನಿಗಳಿಗೆ ಕೊಟ್ಟಿದ್ದ ಗಡುವು 2024ರ ಫೆಬ್ರವರಿಗೆ ಮುಗಿಯಿತು. ಹಾಗಾಗಿ ದಪ್ಪ ಅಕ್ಷರದ ಮೇಲೆ ಕಣ್ಣಾಡಿಸಿದರೆ ಅರ್ಧ ಕೆಲಸ ಆಯಿತು. ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆಯುವ ಜಿಲೆಟಿನ್ ಮತ್ತು ಜೇನು ಮಾತ್ರ ಈ ಪಟ್ಟಿಯಲ್ಲಿ ಇಲ್ಲ. ಅವನ್ನು ಓದಿಯೇ ಹುಡುಕಬೇಕು.

ಒಂದು ಮಾತು: ಅಲರ್ಜಿ ಇಲ್ಲದಿದ್ದರೆ ಅಲರ್ಜಿ ಇದೆ ಅಂತ ಸುಳ್ಳು ಹೇಳಬೇಡಿ. ಸಣ್ಣ ಅಡುಗೆಮನೆಯವರು ಹೆದರಿ ‘ನಮ್ಮಲ್ಲಿ ಏನೂ ಆಗಲ್ಲ’ ಅಂದುಬಿಡುತ್ತಾರೆ. ನಿಜವಾಗಿಯೂ ಹಾಲಿನ ಅಲರ್ಜಿ ಇರುವವರು ಉಪವಾಸದ ಅಡುಗೆ ಅಂತ ನಂಬಿ ಕೂರಬೇಡಿ. ಪಕ್ಕದ ಪಾತ್ರೆಯ ಸೌಟು ಯಾವಾಗ ಇದಕ್ಕೆ ಬೀಳುತ್ತೋ ಯಾರಿಗೆ ಗೊತ್ತು.

ಫುಟ್ಸ್‌ಕ್ರೇಯಿಂದ ಶುರು ಮಾಡಿ

ಒಂದೇ ಒಂದು ಕಡೆ ಹೋಗೋಕೆ ಸಮಯ ಇದೆ ಅಂದರೆ ಫುಟ್ಸ್‌ಕ್ರೇಗೆ ಹೋಗಿ. ಸಿಟಿಯಿಂದ ಪಶ್ಚಿಮಕ್ಕೆ ರೈಲಿನಲ್ಲಿ ಹತ್ತು-ಹನ್ನೆರಡು ನಿಮಿಷ. ವೆರಿಬೀ, ಸನ್‌ಬರಿ ಕಡೆಯ ರೈಲುಗಳು ಇಲ್ಲಿ ನಿಲ್ಲುತ್ತವೆ. ಇಳಿದರೆ ಒಂದು ಕಡೆ ವಿಯೆಟ್ನಾಮಿನ ಮಾರ್ಕೆಟ್ಟು, ಇನ್ನೊಂದು ಕಡೆ ಇಥಿಯೋಪಿಯಾದ ಕಾಫಿ ಹುರಿಯುವ ವಾಸನೆ.

ಇಥಿಯೋಪಿಯಾದ ಹೋಟೆಲುಗಳು ನಿಕಲ್ಸನ್ ಸ್ಟ್ರೀಟ್, ಬಾರ್ಕ್ಲಿ ಸ್ಟ್ರೀಟ್ ಸುತ್ತಮುತ್ತ ಇವೆ. ಒಳಗೆ ಹೋಗಿ ‘ಫಾಸ್ಟಿಂಗ್ ಪ್ಲೇಟ್’ ಅಂತ ಕೇಳಿ. ಮೆನುವಿನಲ್ಲಿ ‘ಬೆಯಾಯ್ನೆತು’ ಅಂತಲೋ ‘ಯೆ ತ್ಸೋಮ್ ಬೆಯಾಯ್ನೆತು’ ಅಂತಲೋ ಇರುತ್ತದೆ. ತ್ಸೋಮ್ ಅಂದರೆ ಉಪವಾಸ. ಕೆಲವು ಕಡೆ ‘ವೆಜಿಟೇರಿಯನ್ ಕಾಂಬೊ’ ಅಂತ ಬರೆದಿರುತ್ತಾರೆ. ಇಥಿಯೋಪಿಯಾದ ಆರ್ಥಡಾಕ್ಸ್ ಚರ್ಚಿನ ಸಾಮಾನ್ಯ ಭಕ್ತರೂ ವರ್ಷದಲ್ಲಿ ಸುಮಾರು 180 ದಿನ ಉಪವಾಸ ಹಿಡಿಯಬೇಕು ಅನ್ನೋದು ಕ್ರಮ. ವಾರಕ್ಕೆ ಎರಡು ದಿನ, ಈಸ್ಟರ್ ಮುಂಚೆ 55 ದಿನ, ಅದಲ್ಲದೆ ಇನ್ನೂ ಬೇರೆ ಬೇರೆ. ಆ ದಿನಗಳಲ್ಲಿ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಇಲ್ಲ. ವರ್ಷದ ಅರ್ಧ ಹೀಗೆ ತಿನ್ನುವ ಜನ ಬೇಳೆ-ಸೊಪ್ಪಿನ ಅಡುಗೆಯಲ್ಲಿ ಪಳಗಿರದೆ ಇರುತ್ತಾರಾ?

ತಟ್ಟೆ ಬರುತ್ತದೆ. ತಟ್ಟೆ ಅನ್ನೋದಕ್ಕಿಂತ ಹರಿವಾಣ. ಅದರ ತುಂಬ ಇಂಜೆರಾ ಹಾಸಿರುತ್ತಾರೆ. ಟೆಫ್ ಅನ್ನೋ ಕಿರುಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ದೊಡ್ಡ ಕಾವಲಿಯ ಮೇಲೆ ಒಂದೇ ಬದಿ ಬೇಯಿಸಿದ ಮೆತ್ತನೆ ದೋಸೆ ಅದು. ಮೇಲೆಲ್ಲ ತೂತು ತೂತು. ಅದರ ಮೇಲೆ ಗುಪ್ಪೆ ಗುಪ್ಪೆಯಾಗಿ ಪಲ್ಯಗಳು. ಕೆಂಪಗೆ ಖಾರವಾಗಿರುವುದು ಮಿಸಿರ್ ವೊಟ್: ಮಸೂರ್ ಬೇಳೆ, ಬೆರ್ಬೆರೆ ಅನ್ನೋ ಮೆಣಸಿನ ಮಸಾಲೆ. ಹಳದಿಯದು ಕಿಕ್ ಅಲಿಚಾ: ಬಟಾಣಿ ಬೇಳೆ, ಅರಿಶಿನ, ಖಾರ ಇಲ್ಲ. ಹಸಿರು ಗೊಮೆನ್: ಸೊಪ್ಪು, ಬೆಳ್ಳುಳ್ಳಿ. ಎಲೆಕೋಸು, ಕ್ಯಾರೆಟ್, ಆಲೂಗಡ್ಡೆಯದು ಇನ್ನೊಂದು. ಬೀನ್ಸ್-ಕ್ಯಾರೆಟ್ ಇದ್ದರೆ ಫಸೋಲಿಯಾ. ನಡುವೆ ಬಿಸಿ ಬಿಸಿ ಕುದಿಯುವ ಶಿರೊ ಬಂದರೆ ನಿಮ್ಮ ಅದೃಷ್ಟ. ಕಡಲೆಹಿಟ್ಟಿನಲ್ಲಿ ಮಾಡುವ ಗಟ್ಟಿ ಸಾರು ಅದು. ಅಂಚಿನಿಂದ ಇಂಜೆರಾ ಹರಿದು, ಬಲಗೈಯಲ್ಲಿ ಪಲ್ಯ ಒತ್ತಿ ಎತ್ತಿ ತಿನ್ನಬೇಕು. ಚಮಚ ಕೇಳುವ ಅಗತ್ಯ ನಮಗಂತೂ ಇಲ್ಲ. ಕೊನೆಗೆ ಉಳಿಯುವ, ಎಲ್ಲ ರಸ ಹೀರಿಕೊಂಡ ಅಡಿಯ ಇಂಜೆರಾವನ್ನು ಬಿಟ್ಟು ಏಳಬೇಡಿ. ಊಟದ ಸಾರವೆಲ್ಲ ಅಲ್ಲಿರುತ್ತದೆ. ಇಬ್ಬರಿಗೆ ಒಂದು ತಟ್ಟೆ ಸಾಕು, ಇಂಜೆರಾ ಬೇಕಾದರೆ ಇನ್ನೊಂದು ಕೇಳಿ.

ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ‘ಕಿಬೆ’ ಇದೆಯಾ? ಕಿಬೆ ಅಂದರೆ ಬೆಣ್ಣೆ. ಮಸಾಲೆ ಹಾಕಿ ಕಾಯಿಸಿದ ‘ನಿತರ್ ಕಿಬೆ’ ಅನ್ನೋ ತುಪ್ಪ ಅವರ ಮಾಂಸದ ಅಡುಗೆಗಳಲ್ಲಿ ಎಲ್ಲ ಕಡೆ ಇರುತ್ತದೆ. ಉಪವಾಸದ ತಟ್ಟೆಗೆ ಎಣ್ಣೆ ಮಾತ್ರ. ಆದರೆ ಶಿರೊವನ್ನು ಬೇರೆಯಾಗಿ ಆರ್ಡರ್ ಮಾಡಿದರೆ ಕೆಲವರು ರುಚಿಗೆ ಅಂತ ಕಿಬೆ ಹಾಕುತ್ತಾರೆ. ‘ಫಾಸ್ಟಿಂಗ್ ಶಿರೊ’ ಅಂತಲೇ ಹೇಳಿ. ‘ಅಯಿಬ್’ ಅನ್ನೋ ಬಿಳಿ ಗಿಣ್ಣು (ಚೀಸ್) ತಟ್ಟೆಯ ಬದಿಗೆ ಬರಬಹುದು, ಅದನ್ನೂ ಬೇಡ ಅನ್ನಿ.

ಈಸ್ಟರ್ ಆದ ಮೇಲಿನ 50 ದಿನ ಅವರಿಗೆ ಬುಧವಾರ-ಶುಕ್ರವಾರದ ಉಪವಾಸವೂ ಇರುವುದಿಲ್ಲ. ಹಾಗಂತ ಹೋಟೆಲಿನಲ್ಲಿ ತಟ್ಟೆ ಸಿಗದೇ ಇರಲ್ಲ. ಆದರೂ ನನ್ನ ಲೆಕ್ಕದಲ್ಲಿ ಬುಧವಾರ ಅಥವಾ ಶುಕ್ರವಾರ ಹೋಗುವುದೇ ಒಳ್ಳೆಯದು. ಅವತ್ತು ಅವರದೇ ಜನ ಅದನ್ನು ತಿನ್ನಲು ಬರುತ್ತಾರೆ, ಪದಾರ್ಥ ತಾಜಾ ಇರುತ್ತದೆ.

ಅದೇ ಫುಟ್ಸ್‌ಕ್ರೇಯಲ್ಲಿ ಅಮಾವಾಸ್ಯೆ-ಹುಣ್ಣಿಮೆ

ಹಾಪ್ಕಿನ್ಸ್ ಸ್ಟ್ರೀಟಿಗೆ ಬಂದರೆ ವಿಯೆಟ್ನಾಮ್ ಶುರು. 1975ರ ನಂತರ ಯುದ್ಧದಿಂದ ತಪ್ಪಿಸಿಕೊಂಡು ಬಂದವರನ್ನು ಸರ್ಕಾರ ಮೊದಲು ವಲಸೆಗಾರರ ಹಾಸ್ಟೆಲುಗಳಲ್ಲಿ ಇರಿಸಿತು. ಪಶ್ಚಿಮದಲ್ಲಿ ಮರಿಬರ್ನಾಂಗಿನ ಮಿಡ್‌ವೇ, ಆಗ್ನೇಯದಲ್ಲಿ ಸ್ಪ್ರಿಂಗ್‌ವೇಲಿನ ಎಂಟರ್‌ಪ್ರೈಸ್. ಹಾಸ್ಟೆಲಿನಿಂದ ಹೊರಬಿದ್ದವರು ಹತ್ತಿರದಲ್ಲೇ ಬಾಡಿಗೆ ಮನೆ ಹಿಡಿದರು, ಅಂಗಡಿ ಇಟ್ಟರು. ಊರಿನ ಎರಡು ತುದಿಯಲ್ಲಿ, ಫುಟ್ಸ್‌ಕ್ರೇಯಲ್ಲೂ ಸ್ಪ್ರಿಂಗ್‌ವೇಲಿನಲ್ಲೂ, ಒಂದೇ ಥರದ ಮಾರ್ಕೆಟ್ ಕಾಣುವುದು ಇದಕ್ಕೇ.

ಇಲ್ಲಿ ಹುಡುಕಬೇಕಾದದ್ದು ‘ಚಾಯ್’. ಟೀ ಅಲ್ಲ! ಬೋರ್ಡಿನಲ್ಲಿ ಸಿ-ಎಚ್-ಎ-ವೈ ಎಂದು ಬರೆದಿರುತ್ತದೆ. ಬೌದ್ಧರ ಸಸ್ಯಾಹಾರ ಅಂತ ಅರ್ಥ. ವಿಯೆಟ್ನಾಮಿನವರ ಚಾಂದ್ರಮಾನ ತಿಂಗಳಿನ 1 ಮತ್ತು 15ನೇ ದಿನ ತುಂಬಾ ಮನೆಗಳಲ್ಲಿ ಚಾಯ್ ಊಟ. ನಮ್ಮ ಪಂಚಾಂಗದ ಅಮಾವಾಸ್ಯೆ, ಹುಣ್ಣಿಮೆಗೆ ಅದು ಹೊಂದುತ್ತದೆ, ಹೆಚ್ಚೆಂದರೆ ಒಂದು ದಿನ ಆಚೀಚೆ. ಗೋಡೆಗೆ ನೇತುಹಾಕಿದ ಕನ್ನಡ ಕ್ಯಾಲೆಂಡರ್ ಮೆಲ್ಬರ್ನಿನಲ್ಲಿ ಈ ಕೆಲಸಕ್ಕೂ ಬರುತ್ತದೆ. ಆ ದಿನಗಳಲ್ಲಿ ಮಾಮೂಲಿ ಅಂಗಡಿಗಳಲ್ಲೂ ತೋಫು (ಸೋಯಾ ಹಾಲಿನ ಪನೀರು), ಅಣಬೆ, ಬಾಳೆಹೂವಿನ ಪದಾರ್ಥಗಳು ಜಾಸ್ತಿ ಸಿಗುತ್ತವೆ. ಬ್ರೇಬ್ರೂಕಿನಲ್ಲಿ ಕ್ವಾಂಗ್ ಮಿನ್ ಅನ್ನೋ ದೊಡ್ಡ ಬೌದ್ಧ ದೇವಸ್ಥಾನ ಇದೆ. ಹಬ್ಬದ ದಿನ ಅಲ್ಲಿಗೆ ಹೋದರೆ ಪೂರ್ತಿ ಚಾಯ್ ಊಟ.

ಬೇರೆ ದಿನ ಹೋದಾಗ ಎಚ್ಚರ ಬೇಕು. ವಿಯೆಟ್ನಾಮಿ ಅಡುಗೆಯ ಉಪ್ಪು ಅಂದರೆ ಮೀನಿನ ಸಾಸ್. ಅದರ ಹೆಸರು ‘ನೂಕ್ ಮಾಮ್’. ತೋಫು ಹಾಕಿದ ನೂಡಲ್ಸ್ ಪಕ್ಕದ ಸಣ್ಣ ಬಟ್ಟಲಿನಲ್ಲೂ ಅದೇ. ಫೋ ಅನ್ನೋ ನೂಡಲ್ಸ್ ಸೂಪಿಗೆ ದನದ ಮೂಳೆಯ ರಸ. ಮೇಲೆ ತರಕಾರಿ ಹಾಕಿಸಿಕೊಂಡರೆ ಪ್ರಯೋಜನವಿಲ್ಲ. ‘ಫೋ ಚಾಯ್’ ಅಂತ ಮೆನುವಿನಲ್ಲಿ ಬೇರೆಯಾಗಿ ಇದ್ದರೂ ರಸ ಯಾವುದರದ್ದು ಅಂತ ಕೇಳಿ. ಅಕ್ಕಿಯ ನೂಡಲ್ಸ್ ನಡೆಯುತ್ತದೆ, ಹಳದಿ ನೂಡಲ್ಸಿನಲ್ಲಿ ಮೊಟ್ಟೆ ಇರಬಹುದು.

ಬಾನ್ ಮೀ ಅನ್ನೋ ವಿಯೆಟ್ನಾಮಿ ಸ್ಯಾಂಡ್‌ವಿಚ್ ಬೇಕಾದರೆ ಬೇಕರಿಯಲ್ಲಿ ತೋಫುವಿನದು ಇದೆಯಾ ನೋಡಿ. ಅಲ್ಲಿ ಕೈ ಓಡುವ ವೇಗ ಜಾಸ್ತಿ. ಬ್ರೆಡ್ ಸೀಳಿದ ಮರುಕ್ಷಣ ಹಳದಿ ಬೆಣ್ಣೆಯೋ ಮೊಟ್ಟೆಯ ಮೇಯನೇಸೋ ಬಳಿದಾಗಿರುತ್ತದೆ. ಆರ್ಡರ್ ಹೇಳುವಾಗ ಮೊದಲ ಮಾತೇ ‘ಬೆಣ್ಣೆ ಬೇಡ, ಮೇಯೋ ಬೇಡ’ ಆಗಿರಲಿ. ಆಮೇಲೆ ತೋಫು. ಮೇಲೆ ಹಾಕುವ ಸಾಸ್ ಸೋಯಾದ್ದೇ ಇರಲಿ ಅನ್ನಿ. ಉಪ್ಪಿನಕಾಯಿಯಂಥ ಕ್ಯಾರೆಟ್-ಮೂಲಂಗಿ, ಸೌತೆಕಾಯಿ, ಕೊತ್ತಂಬರಿ, ಮೆಣಸಿನಕಾಯಿ ಎಲ್ಲ ಹಾಕಿಸಿಕೊಳ್ಳಿ. ಕೈಗೆ ಬಂದ ತಕ್ಷಣ, ಗರಿಗರಿ ಇರುವಾಗಲೇ ತಿನ್ನಿ. ಬೆಳಿಗ್ಗೆ ಹೊತ್ತು ಹೋದಷ್ಟೂ ಒಳ್ಳೆಯದು.

ವಿಯೆಟ್ನಾಮಿ ಭಾಷೆಯಲ್ಲಿ ಸ್ವರ ಸ್ವಲ್ಪ ಏರುಪೇರಾದರೂ ಅರ್ಥ ಬದಲಾಗುತ್ತದೆ. ನಾವು ಬಾಯಲ್ಲಿ ಹೇಳಿ ಗೆಲ್ಲೋದು ಕಷ್ಟ. ‘ನಾನು ಚಾಯ್ ತಿನ್ನುತ್ತೇನೆ, ಮೀನಿನ ಸಾಸ್, ಮೊಟ್ಟೆ, ಹಾಲು ಬೇಡ’ ಅನ್ನೋ ಸಾಲನ್ನು ಫೋನಿನಲ್ಲಿ ಅನುವಾದ ಮಾಡಿ, ಅದರ ಚಿತ್ರ ಉಳಿಸಿಕೊಂಡು ತೋರಿಸಿ. ಚೀನೀ ಭಾಷೆಗೂ ಇದೇ ಉಪಾಯ.

ಸಿಡ್ನಿ ರೋಡ್: ಎಣ್ಣೆಯ ಅಡುಗೆ

ಹೆಸರು ಸಿಡ್ನಿ ರೋಡ್, ಇರುವುದು ಮೆಲ್ಬರ್ನಿನ ಬ್ರನ್ಸ್‌ವಿಕ್-ಕೋಬರ್ಗಿನಲ್ಲಿ. 19ನೇ ನಂಬರ್ ಟ್ರಾಮ್ ಸಿಟಿಯಿಂದ ನೇರ ಹೋಗುತ್ತದೆ. ಲೆಬನಾನ್, ಟರ್ಕಿಯವರ ಬೇಕರಿ, ಕಿರಾಣಿ, ಊಟದ ಅಂಗಡಿಗಳು ಮೈಲಿಗಟ್ಟಲೆ.

ಕಡಿಮೆ ಖರ್ಚಿನ ಬೆಳಗಿನ ತಿಂಡಿ ಬೇಕಾದರೆ ಲೆಬನೀಸ್ ಬೇಕರಿಗೆ ಹೋಗಿ ಜಾತರ್ ಮನೂಶೆ ಕೇಳಿ. ಮೈದಾ ರೊಟ್ಟಿ, ಮೇಲೆ ಒಣ ಥೈಮ್ ಸೊಪ್ಪು, ಎಳ್ಳು, ಹುಳಿಯ ಸುಮಾಕ್ ಪುಡಿ, ಆಲಿವ್ ಎಣ್ಣೆ. ಅಷ್ಟೇ. ಬ್ರನ್ಸ್‌ವಿಕ್ಕಿನ ಎ1 ಬೇಕರಿ ಇದಕ್ಕೆ ಹಳೆಯ ಹೆಸರುವಾಸಿ ಜಾಗ. ಒಳಗೆ ಟೊಮೆಟೊ, ಸೌತೆಕಾಯಿ, ಪುದೀನ, ಆಲಿವ್ ಹಾಕಿ ಸುತ್ತಿಕೊಡಿ ಅಂದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳಲ್ಲ. ಪಾಲಕ್ ತುಂಬಿದ ತ್ರಿಕೋನದ ಫತಾಯರ್ ಕೂಡ ಸಾಮಾನ್ಯವಾಗಿ ಈರುಳ್ಳಿ, ನಿಂಬೆ, ಎಣ್ಣೆಯದೇ. ಗಿಣ್ಣು ಸೇರಿಸಿದ್ದೂ ಇರುತ್ತದೆ, ಕೇಳಿ.

ಊಟದ ಅಂಗಡಿಯಲ್ಲಿ ‘ಬಿ ಜೇತ್’ ಅನ್ನೋದು ನಿಮ್ಮ ಗೆಳೆಯ. ಎಣ್ಣೆಯಲ್ಲಿ ಮಾಡಿದ್ದು ಅಂತ. ಬೀನ್ಸ್-ಟೊಮೆಟೊದ ಲೂಬಿಯೆ ಬಿ ಜೇತ್ ಹಾಗೇ ವೀಗನ್. ದ್ರಾಕ್ಷಿ ಎಲೆ ಸುರುಳಿಯಲ್ಲಿ ಎರಡು ಜಾತಿ: ತಣ್ಣಗೆ ಕೊಡುವುದು ಅಕ್ಕಿಯದು, ಬಿಸಿಯಾಗಿ ಕೊಡುವುದರಲ್ಲಿ ಬಹುತೇಕ ಮಾಂಸ. ಮುಜದ್ದರಾ ಸಿಕ್ಕರೆ ಬಿಡಬೇಡಿ. ಅಕ್ಕಿ, ಮಸೂರ್ ಕಾಳು, ಮೇಲೆ ಕಪ್ಪಗಾಗುವಷ್ಟು ಹುರಿದ ಈರುಳ್ಳಿ. ಕಡಲೆ ರುಬ್ಬಿದ ಹಮ್ಮಸ್, ಸೊಪ್ಪು-ತರಕಾರಿಯ ಸಲಾಡುಗಳಾದ ತಬ್ಬೂಲೆ, ಫತ್ತೂಶ್ ಬಗ್ಗೆ ಹೆಚ್ಚು ಚಿಂತೆ ಬೇಡ. ಫಲಾಫೆಲ್ ರೋಲ್ ತಗೊಂಡರೆ ಮೊಸರಿನ ಸಾಸ್ ಬದಲು ಎಳ್ಳು ರುಬ್ಬಿದ ತಹಿನಿ ಕೇಳಿ. ಬೆಳ್ಳುಳ್ಳಿಯ ಬಿಳಿ ‘ತೂಮ್’ ಮೂಲದಲ್ಲಿ ಬೆಳ್ಳುಳ್ಳಿ-ಎಣ್ಣೆ ಮಾತ್ರ, ಆದರೆ ಕೆಲವರು ಮೊಟ್ಟೆಯ ಬಿಳಿ ಹಾಕಿ ನೊರೆ ಬರಿಸುತ್ತಾರೆ.

ಟರ್ಕಿಯವರ ಹೂರಣ ತುಂಬಿದ ರೊಟ್ಟಿ ಗೊಜ್ಲೆಮೆ ಬಿಸಿ ಬಿಸಿ ತೆಗೆಯುವಾಗ ಆಸೆಯಾಗುತ್ತದೆ. ಪಾಲಕ್‌ನದರಲ್ಲಿ ಗಿಣ್ಣು ಗ್ಯಾರಂಟಿ. ಆಲೂಗಡ್ಡೆಯದು ಕೇಳಿ, ಮೇಲೆ ಬೆಣ್ಣೆ ಸವರಬೇಡಿ ಅನ್ನಿ.

ಒಂದೇ ರೈಲು, ಮೂರು ಊಟ: ಓಕ್ಲಿ, ಸ್ಪ್ರಿಂಗ್‌ವೇಲ್, ಡ್ಯಾಂಡಿನಾಂಗ್

ಪಾಕೆನಮ್-ಕ್ರ್ಯಾನ್‌ಬರ್ನ್ ಕಡೆಯ ರೈಲು ಹತ್ತಿದರೆ ಈ ಮೂರೂ ಸಾಲಾಗಿ ಬರುತ್ತವೆ. ಶನಿವಾರ ಪೂರ್ತಿ ಇಟ್ಟುಕೊಂಡು ಹೋಗಿ.

ಓಕ್ಲಿ ಗ್ರೀಕರ ಊರು. ಈಟನ್ ಮಾಲ್ ಬೀದಿಯಲ್ಲಿ ಕಾಫಿ, ಸಿಹಿ ಅಂಗಡಿಗಳು. ‘ನಿಸ್ಟೀಸಿಮೊ’ ಅಂದರೆ ವ್ರತದ ಅಡುಗೆ. ಆರ್ಥಡಾಕ್ಸ್ ಈಸ್ಟರ್ ಮುಂಚಿನ ವಾರಗಳಲ್ಲಿ ಬೇಕರಿಗಳಲ್ಲಿ ಈ ಚೀಟಿ ಕಾಣುತ್ತದೆ. ದೊಡ್ಡ ಬಿಳಿ ಕಾಳಿನ ಗಿಗಾಂಟೆಸ್, ಬೇಯಿಸಿದ ಸೊಪ್ಪಿನ ಹೋರ್ತಾ, ಎಳ್ಳಿನ ಹಲ್ವ ನಮಗೆ ಸರಿ. ಆದರೆ ಅವರ ವ್ರತದ ಲೆಕ್ಕವೇ ಬೇರೆ. ಬೆನ್ನುಮೂಳೆ ಇರುವ ಮೀನು ವರ್ಜ್ಯ, ಸಿಗಡಿ, ಆಕ್ಟೋಪಸ್ ನಡೆಯುತ್ತದೆ, ಜೇನೂ ನಡೆಯುತ್ತದೆ. ಮೀನಿನ ಮೊಟ್ಟೆಯ ತರಮಸಲಾತ ಕೂಡ ಆ ಮೇಜಿನ ಮೇಲೆ ಇರುತ್ತದೆ. ನೋಡಲು ತಿಳಿ ಗುಲಾಬಿ ಚಟ್ನಿ, ಮೋಸ ಹೋಗಬೇಡಿ.

ಸ್ಪ್ರಿಂಗ್‌ವೇಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಫುಟ್ಸ್‌ಕ್ರೇಯ ಚಾಯ್ ಪಾಠವೇ ಇಲ್ಲೂ. ಕಾಂಬೋಡಿಯಾದವರ ಅಂಗಡಿಗಳಲ್ಲಿ ಮೀನಿನ ಪೇಸ್ಟ್ ಕೂಡ ಸೇರಿಕೊಳ್ಳುತ್ತದೆ. ಬಕಿಂಗ್‌ಹ್ಯಾಮ್ ಅವೆನ್ಯೂ ಸುತ್ತ ತರಕಾರಿ ಅಗ್ಗ, ತಾಜಾ ತೋಫು, ಬಿಸಿ ಸೋಯಾ ಹಾಲು ಸಿಗುತ್ತದೆ.

ಡ್ಯಾಂಡಿನಾಂಗಿನಲ್ಲಿ ಇಳಿದು ಥಾಮಸ್ ಸ್ಟ್ರೀಟಿನ ಅಫ್ಘನ್ ಬಜಾರಿಗೆ ನಡೆಯಿರಿ. ನಾಲಿಗೆಗೆ ಬೇಕಾದದ್ದು ಬೊಲಾನಿ. ಮೈದಾ, ನೀರು, ಉಪ್ಪಿನ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಅರ್ಧಕ್ಕೆ ಆಲೂಗಡ್ಡೆಯೋ ‘ಗಂದನಾ’ ಅನ್ನೋ ಈರುಳ್ಳಿ ಜಾತಿಯ ಸೊಪ್ಪೋ ಹರಡಿ, ಮಡಿಸಿ, ಅಂಚು ಒತ್ತಿ ಎಣ್ಣೆಯಲ್ಲಿ ಕೆಂಪಗೆ ಬೇಯಿಸುತ್ತಾರೆ. ಜೊತೆಗೆ ಕೊಡುವ ಮೊಸರು ಬೇಡ ಅಂದು ಹಸಿರು ಚಟ್ನಿ ಕೇಳಿ. ಬದನೆಕಾಯಿಯ ಬೊರಾನಿ ಮೇಲೆ ಮೊಸರು ಸುರಿದೇ ತರುತ್ತಾರೆ, ಮೊದಲೇ ಹೇಳಬೇಕು. ಕಾಬುಲಿ ಪಲಾವ್ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಮೇಲೆ ಕ್ಯಾರೆಟ್, ದ್ರಾಕ್ಷಿ ಚೆಲ್ಲಿ ಚಂದ ಕಾಣುತ್ತದೆ, ‘ಮಾಂಸ ತೆಗೆದು ಕೊಡ್ತೀವಿ’ ಅಂತ ಪ್ರೀತಿಯಿಂದಲೂ ಹೇಳುತ್ತಾರೆ. ಆ ಅನ್ನ ಬೆಂದಿರುವುದೇ ಕುರಿಮಾಂಸದ ರಸದಲ್ಲಿ. ಬರೀ ನಾನ್, ಪಾಲಕ್ ಸಬ್ಜಿ, ಬೊಲಾನಿ ಸಾಕು. ನಾನ್‌ಗೆ ಹಾಲು-ಮೊಸರು ಹಾಕುತ್ತೀರಾ ಅಂತ ಅಲ್ಲೂ ಒಂದು ಮಾತು ಕೇಳಿ.

ಡ್ಯಾಂಡಿನಾಂಗ್ ಮಾರ್ಕೆಟ್ 1866ರಿಂದ ಇದೆ. ಮಂಗಳವಾರ, ಶುಕ್ರವಾರ, ಶನಿವಾರ ಹೋದರೆ ತೆರೆದಿರುತ್ತದೆ. ಸುತ್ತಮುತ್ತ ಶ್ರೀಲಂಕಾದವರ ಅಂಗಡಿಗಳೂ ಇವೆ. ತೆಂಗಿನ ಹಾಲಿನ ಬೇಳೆ, ಶಾವಿಗೆಯಂಥ ಇಡಿಯಾಪ್ಪ ನೋಡಿದರೆ ಕರಾವಳಿಯವರಿಗೆ ಮನೆ ನೆನಪಾಗುತ್ತದೆ. ಆದರೆ ತೆಂಗಿನ ತುರಿಯ ‘ಪೋಲ್ ಸಂಬೋಲ’ದಲ್ಲಿ ಒಣಮೀನಿನ ಚೂರು ಇರುತ್ತದೆ. ಮಾಲ್ಡೀವ್ ಫಿಶ್ ಇದೆಯಾ ಅಂತ ಹೆಸರು ಹಿಡಿದೇ ಕೇಳಿ. ಬರೀ ಮೀನು ಇದೆಯಾ ಅಂದರೆ ಕೆಲವರು ಇಲ್ಲ ಅಂದುಬಿಡುತ್ತಾರೆ. ಅವರಿಗೆ ಅದು ಮಸಾಲೆ.

ಬಾಕ್ಸ್ ಹಿಲ್‌ನಲ್ಲಿ ಮೆನು ನಂಬಬೇಡಿ

ಪೂರ್ವದ ಬಾಕ್ಸ್ ಹಿಲ್ ಚೀನೀಯರದು. ರೈಲು ಇದೆ, 109ನೇ ಟ್ರಾಮ್ ಕೊನೆಯಾಗುವುದೂ ಇಲ್ಲೇ. ಇಲ್ಲಿ ಹೆಸರು ನೋಡಿ ಆರ್ಡರ್ ಮಾಡಿದರೆ ಎರಡೂ ಕಡೆಯಿಂದ ಪೆಟ್ಟು. ‘ಮೀನಿನ ಪರಿಮಳದ ಬದನೆಕಾಯಿ’ಯಲ್ಲಿ ಮೀನು ಇರುವುದಿಲ್ಲ, ಹಂದಿಮಾಂಸದ ಚೂರು ಇರುತ್ತದೆ. ಹುರಿದ ಬೀನ್ಸ್ ಪಲ್ಯದಲ್ಲೂ ಅದೇ, ಮಾಪೋ ತೋಫುವಿನಲ್ಲೂ ಅದೇ. ಸೊಪ್ಪಿನ ಮೇಲೆ ಸಿಂಪಿಯಿಂದ ಮಾಡುವ ಆಯ್ಸ್ಟರ್ ಸಾಸ್, ಸೂಪಿನಲ್ಲಿ ಚಿಕನ್ ಪುಡಿ. ಬೌದ್ಧರ ಊಟಕ್ಕೆ ‘ಸು’ ಅಂತ ಹೆಸರು, ಕ್ಯಾಂಟನೀಸಿನಲ್ಲಿ ‘ಜಾಯ್’. ‘ಲೋ ಹಾನ್ ಜಾಯ್’ ಅನ್ನೋ ಮಿಶ್ರ ತರಕಾರಿ ಬಹುತೇಕ ಸುರಕ್ಷಿತ. ಬೌದ್ಧರ ಕಟ್ಟುನಿಟ್ಟಿನ ಊಟದಲ್ಲಿ ಈರುಳ್ಳಿ-ಬೆಳ್ಳುಳ್ಳಿಯೂ ಇರುವುದಿಲ್ಲ. ಮಡಿ ಅಡುಗೆ ಬೇಕೆನ್ನುವ ಹಿರಿಯರು ಊರಿಂದ ಬಂದಾಗ ಇಂಥ ಜಾಗ ಗೊತ್ತಿದ್ದರೆ ಒಳ್ಳೆಯದು.

ತೈವಾನಿನಿಂದ ಬರುವ ಕೃತಕ ಮಾಂಸದ ಪ್ಯಾಕೆಟ್ ಕೊಳ್ಳುವಾಗ ಹಿಂಬದಿ ಓದಿ. ಅಂಟಲು ಮೊಟ್ಟೆಯ ಬಿಳಿ ಅಥವಾ ಹಾಲಿನ ಪ್ರೋಟೀನ್ ಹಾಕಿರುತ್ತಾರೆ. ಅಲ್ಲಿಯ ಲೇಬಲ್ಲಿನಲ್ಲಿ ಮೊಟ್ಟೆಯ ಸಸ್ಯಾಹಾರ, ಹಾಲಿನ ಸಸ್ಯಾಹಾರ ಅಂತ ಬೇರೆ ಬೇರೆ ವರ್ಗ ಇವೆ. ‘ಸಸ್ಯಾಹಾರ’ ಅಂದ ಮಾತ್ರಕ್ಕೆ ಬುಟ್ಟಿಗೆ ಹಾಕಬೇಡಿ.

ನಮ್ಮವರ ಹೋಟೆಲೇ ಕಷ್ಟ

ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್ ಕಡೆ ಭಾರತೀಯರು ತುಂಬಿದ್ದಾರೆ, ಕನ್ನಡಿಗರೂ ಬೇಕಾದಷ್ಟು. ಮಸಾಲೆ ದೋಸೆ ಸಿಗುತ್ತದೆ, ಬೇಜಾರಿಲ್ಲ. ಆದರೆ ವೀಗನ್ ಅಂತ ಹೇಳಿದರೆ ‘ಹಾಂ, ಪ್ಯೂರ್ ವೆಜ್ ಸರ್’ ಅಂತ ಬರುವ ಉತ್ತರ ಇಲ್ಲೇ ಜಾಸ್ತಿ. ಹಾಲು ಮಾಂಸಾಹಾರ ಅಲ್ಲವಲ್ಲ, ಅವರ ಮನಸ್ಸಿಗೆ ಪ್ರಶ್ನೆಯೇ ಬರುವುದಿಲ್ಲ. ದಾಲ್‌ಗೆ ಕೊನೆಯಲ್ಲಿ ತುಪ್ಪದ ಒಗ್ಗರಣೆ, ಚಟ್ನಿಗೆ ಒಂದು ಸೌಟು ಮೊಸರು, ನಾನ್ ಹಿಟ್ಟಿಗೆ ಹಾಲು, ಕುರ್ಮಾಗೆ ಕ್ರೀಮ್. ಕಣ್ಣಿಗೆ ಕಾಣದ ಜಾಗದಲ್ಲೇ ಇರುತ್ತವೆ.

ಸುಲಭದ ದಾರಿ: ಇಡ್ಲಿ, ವಡೆ, ಸಾಂಬಾರು, ತಂದೂರಿ ರೊಟ್ಟಿ, ಚನಾ ಇಂಥವನ್ನು ಹಿಡಿಯಿರಿ, ಒಂದೊಂದಕ್ಕೂ ತುಪ್ಪ-ಮೊಸರು ಕೇಳಿ. ಒಳಗೆ ಕನ್ನಡದವರು ಇದ್ದರೆ ಮಾತೇ ಬೇರೆ. ‘ಅಣ್ಣಾ, ದೋಸೆಗೆ ತುಪ್ಪ ಬೆಣ್ಣೆ ಏನೂ ಬೇಡ, ಎಣ್ಣೇಲೇ ಮಾಡ್ಕೊಡಿ. ಚಟ್ನಿಗೆ ಮೊಸರು ಹಾಕಿದ್ದೀರಾ?’ ಅಂದರೆ ಅಲ್ಲಿಗೆ ಮುಗಿಯಿತು. ‘ವೀಗನ್ನಾ? ಯಾಕೆ, ಹುಷಾರಿಲ್ವಾ?’ ಅಂತ ಕೇಳಿದರೆ ನಕ್ಕು ಸುಮ್ಮನಾಗಿ.

ಕ್ಯಾರಮ್ ಡೌನ್ಸಿನ ಶಿವ-ವಿಷ್ಣು ದೇವಸ್ಥಾನದ ಕ್ಯಾಂಟೀನಿಗೆ ನಮ್ಮವರು ವಾರಾಂತ್ಯ ಹೋಗುವುದುಂಟು. ಸಸ್ಯಾಹಾರ ಖಂಡಿತ, ಆದರೆ ಮೊಸರನ್ನ, ತುಪ್ಪದ ಪೊಂಗಲ್ ಅಲ್ಲೂ ಇರುತ್ತವೆ. ಭಾರತದಿಂದ ಬರುವ ಪ್ಯಾಕೆಟ್ಟಿನ ಹಸಿರು ಚುಕ್ಕೆಗೂ ಇದೇ ಮಾತು. ಅದು ಹಾಲಿಗೆ ಅಡ್ಡಿ ಹೇಳುವುದಿಲ್ಲ. ವೀಗನ್‌ಗೆ ಭಾರತದ ಆಹಾರ ಪ್ರಾಧಿಕಾರದ ಬೇರೆ ಗುರುತು ಇದೆ, 2022ರ ನಿಯಮದ್ದು: ಹಸಿರು ಚೌಕದೊಳಗೆ ಇಂಗ್ಲಿಷಿನ ‘ವಿ’ ಅಕ್ಷರ, ಅದಕ್ಕೊಂದು ಎಲೆ.

ಮನೆಗೆ ಏನು ತರಬೇಕು

ಊಟ ಮುಗಿದ ಮೇಲೆ ಅದೇ ಬೀದಿಯಲ್ಲಿ ಚೀಲ ತುಂಬಿಸಿಕೊಳ್ಳಿ, ಸೂಪರ್ ಮಾರ್ಕೆಟ್ಟಿಗಿಂತ ಅಗ್ಗ. ಸಿಡ್ನಿ ರೋಡಿನಲ್ಲಿ ತಹಿನಿ, ಕಾಬೂಲಿ ಕಡಲೆ, ಜಾತರ್. ಸ್ಪ್ರಿಂಗ್‌ವೇಲಿನಲ್ಲಿ ತೋಫು, ಟೆಂಪೆ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ), ಅಕ್ಕಿ ನೂಡಲ್ಸ್, ನುಗ್ಗೆಸೊಪ್ಪು ಕಂಡರೆ ಅದೂ. ಸಕ್ಕರೆ ಇಲ್ಲದ ಗಟ್ಟಿ ಸೋಯಾ ಹಾಲು ತಂದರೆ ಮನೆಯಲ್ಲಿ ಮೊಸರು ಹೆಪ್ಪು ಹಾಕಬಹುದು. ಮೊದಲ ಸಲ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ನೋಡಿ. ತೆಂಗಿನ ಹಾಲಿನ ಡಬ್ಬಿ ತೊಂದರೆ ಇಲ್ಲ, ತೆಂಗಿನ ಹಾಲಿನ ಪುಡಿಯಲ್ಲಿ ಮಾತ್ರ ಕೇಸಿನೇಟ್ ಅನ್ನೋ ಹಾಲಿನ ಅಂಶ ಇರಬಹುದು, ದಪ್ಪ ಅಕ್ಷರ ನೋಡಿಕೊಳ್ಳಿ.

ಫುಟ್ಸ್‌ಕ್ರೇಯ ಆಫ್ರಿಕನ್ ಕಿರಾಣಿಯಲ್ಲಿ ಬೆರ್ಬೆರೆ ಪುಡಿ, ಶಿರೊ ಪುಡಿ, ಪ್ಯಾಕೆಟ್ ಇಂಜೆರಾ ಸಿಗುತ್ತದೆ. ಗೋಧಿ ಆಗದವರು ಟೆಫ್ ಮಾತ್ರದ್ದಾ ಅಂತ ಕೇಳಿ ತಗೊಳ್ಳಿ, ಬೇರೆ ಹಿಟ್ಟು ಬೆರೆಸಿದ್ದೂ ಇರುತ್ತದೆ. ಶಿರೊ ಪುಡಿ ಒಂದು ಪ್ಯಾಕೆಟ್ ಮನೆಯಲ್ಲಿ ಇದ್ದರೆ ರಾತ್ರಿ ಕೆಲಸದಿಂದ ಬಂದಾಗ ಅಡುಗೆ ಹತ್ತು-ಹದಿನೈದು ನಿಮಿಷದ್ದು. ಈರುಳ್ಳಿ, ಬೆಳ್ಳುಳ್ಳಿ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ, ಟೊಮೆಟೊ ಹಾಕಿ, ನೀರು ಕುದಿಸಿ, ಗಂಟಾಗದಂತೆ ಪುಡಿ ಉದುರಿಸುತ್ತಾ ತಿರುವಿ. ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ಬರುವವರೆಗೆ ಬಿಡಿ. ಪುಡಿಯಲ್ಲೇ ಖಾರ-ಮಸಾಲೆ ಇರುತ್ತದೆ, ಉಪ್ಪು ಮಾತ್ರ ರುಚಿ ನೋಡಿ ಹಾಕಿ.